ತೆರೆಯ ಮೇಲೆ ಫಾದರ್, ಮನೆಯಲ್ಲಿ ತಂದೆ: ನಟ ಸ್ಪೆನ್ಸರ್ ಟ್ರೇಸಿ

ಚಲನಚಿತ್ರ ನಟರೊಬ್ಬರ ಬದುಕು ಧಾರ್ಮಿಕ ಅಂಕಣವೊಂದಕ್ಕೆ ತಕ್ಕ ವಿಷಯವೇ ಎಂದು ಕೆಲವು ಓದುಗರು ಹುಬ್ಬೇರಿಸಬಹುದು. ಸಂತರ ಹಾಗೂ ರಕ್ತಸಾಕ್ಷಿಗಳ ಚರಿತ್ರೆಗಳಿಂದ ನಾವು ಪ್ರೇರಣೆ ಪಡೆಯುವುದು ಸರಿಯೇ. ಆದರೆ ಸಂತರಾಗದೆ, ಸಂತರ ಹಾದಿಯನ್ನು ದೂರದಿಂದ ನೋಡುತ್ತ, ಎಡವುತ್ತ, ಏಳುತ್ತ ಬಾಳಿದವರಿಂದಲೂ ನಾವು ಕಲಿಯಬೇಕಾದುದು ಬಹಳವಿದೆ. ನಮ್ಮಲ್ಲಿ ಬಹುಪಾಲು ಜನರು ಅಂಥವರೇ ಅಲ್ಲವೇ? ಕಳೆದ ಶತಮಾನದ ನಡುಗಾಲದಲ್ಲಿ ಅಮೆರಿಕದ ಚಿತ್ರರಂಗದ ಅತಿ ಶ್ರೇಷ್ಠ ನಟರಲ್ಲಿ ಒಬ್ಬರೆನಿಸಿದ್ದ ಸ್ಪೆನ್ಸರ್ ಟ್ರೇಸಿಯವರು ಇಂಥ ಒಬ್ಬ ವ್ಯಕ್ತಿ. ತೆರೆಯ ಮೇಲೆ ಅವರು ಮತ್ತೆ ಮತ್ತೆ ಕಥೋಲಿಕ ಗುರುವಾಗಿ ಕಾಣಿಸಿಕೊಂಡರು. ಮನೆಯಲ್ಲಿ ಅವರು ಕಿವಿ ಕೇಳದ ಮಗುವೊಂದರ ತಂದೆ. ಈ ಎರಡು ಪಾತ್ರಗಳ ನಡುವೆ ಅವರು ಪಟ್ಟ ಪಾಡೇ ಇಂದಿನ ನಮ್ಮ ವಿಷಯ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಸ್ಪೆನ್ಸರ್ ಬೊನವೆಂಚರ್ ಟ್ರೇಸಿಯವರು 1900ರ ಏಪ್ರಿಲ್ 5ರಂದು ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ನಗರದಲ್ಲಿ ಜನಿಸಿದರು. ತಂದೆ ಜಾನ್ ಎಡ್ವರ್ಡ್ ಟ್ರೇಸಿ ಐರಿಷ್ ಮೂಲದ ಕಥೋಲಿಕರು, ಟ್ರಕ್ಕುಗಳ ಮಾರಾಟದ ಉದ್ಯೋಗದಲ್ಲಿದ್ದವರು. ತಾಯಿ ಕ್ಯಾರೊಲಿನ್ ಪ್ರೊಟೆಸ್ಟೆಂಟ್ ಮನೆತನದಿಂದ ಬಂದವರು. ಇಬ್ಬರು ಗಂಡುಮಕ್ಕಳಲ್ಲಿ ಹಿರಿಯನಾದ ಕ್ಯಾರೊಲ್ ಸೌಮ್ಯ ಸ್ವಭಾವದವನು. ಕಿರಿಯನಾದ ಸ್ಪೆನ್ಸರನಾದರೋ ಶಾಲೆಯೆಂದರೆ ಮುಖ ತಿರುಗಿಸುವವನು, ಬೀದಿ ಜಗಳಗಳಲ್ಲಿ ಮುಂದಾಳು. ಒಂದು ಶಾಲೆಯಿಂದ ಮತ್ತೊಂದಕ್ಕೆ ಅವನನ್ನು ಬದಲಾಯಿಸಿ ಸೋತ ತಂದೆತಾಯಿಯರು, ಒಂಬತ್ತರ ಪ್ರಾಯದಲ್ಲಿ ಡೊಮಿನಿಕನ್ ಸಭೆಯ ಕನ್ಯಾಸ್ತ್ರೀಯರ ಕೈಗೆ ಅವನನ್ನು ಒಪ್ಪಿಸಿದರು. ಆ ದಿನಗಳಲ್ಲಿ ಅವನ ಮನಸ್ಸನ್ನು ಸೆಳೆದ ಒಂದೇ ಒಂದು ವಿದ್ಯೆಯೆಂದರೆ ಮೂಕಿ ಚಿತ್ರಗಳು. ಕಂಡ ಚಿತ್ರವನ್ನು ನೆರೆಹೊರೆಯ ಹುಡುಗರ ಮುಂದೆ ಅಭಿನಯಿಸಿ ತೋರಿಸುವುದು ಅವನ ಆಟ.

ಮುಂದೆ ಮಿಲ್ವಾಕಿಯಲ್ಲಿ ಯೇಸುಸಭೆಯ ಗುರುಗಳು ನಡೆಸುತ್ತಿದ್ದ ಮಾರ್ಕೆಟ್ ಅಕಾಡೆಮಿಯನ್ನು ಸೇರಿದಾಗ ಹುಡುಗನ ಬಾಳಿಗೆ ಒಂದು ತಿರುವು ಬಂತು. ಶಿಸ್ತು ಅಲ್ಲಿಯೂ ಇತ್ತು. ಆದರೆ ಆ ಶಿಸ್ತಿಗೆ ಒಂದು ಅರ್ಥವಿರುವುದನ್ನು ಅವನು ಕಂಡುಕೊಂಡನು. ತಾನೂ ಗುರುವಾಗಬೇಕೆಂಬ ಆಸೆ ಅವನಲ್ಲಿ ಮೊಳೆತದ್ದು ಅಲ್ಲಿಯೇ. ಮುಂದೆ ಹೆಸರಾಂತ ನಟರಾದ ಪ್ಯಾಟ್ ಓಬ್ರಿಯನ್ ಅಲ್ಲಿನ ಸಹಪಾಠಿ. ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ, 1918ರಲ್ಲಿ, ಇಬ್ಬರೂ ನೌಕಾಪಡೆಗೆ ಸೇರಿದರು. ಸಮುದ್ರವನ್ನು ಕಾಣುವ ಮೊದಲೇ ಯುದ್ಧ ಮುಗಿಯಿತು.

1921ರಲ್ಲಿ ಟ್ರೇಸಿಯವರು ವಿಸ್ಕಾನ್ಸಿನ್ನಿನ ರಿಪನ್ ಕಾಲೇಜನ್ನು ಸೇರಿದರು. ಚರ್ಚಾಸ್ಪರ್ಧೆಗಳಲ್ಲಿ ಮಿಂಚಿದರು, ಕಾಲೇಜಿನ ನಾಟಕಗಳಲ್ಲಿ ಅಭಿನಯಿಸಿದರು. ಗುರುವಾಗುವ ಆಸೆ ಹಿಂದೆ ಸರಿದು ರಂಗಭೂಮಿಯ ಕರೆ ಬಲವಾಯಿತು. 1922ರಲ್ಲಿ ನ್ಯೂಯಾರ್ಕಿನ ಅಮೆರಿಕನ್ ಅಕಾಡೆಮಿ ಆಫ್ ಡ್ರಮಾಟಿಕ್ ಆರ್ಟ್ಸ್‌ಗೆ ಪ್ರವೇಶ ಪಡೆದರು. ಓಬ್ರಿಯನ್ ಜೊತೆ ಒಂದೇ ಸಣ್ಣ ಕೋಣೆಯಲ್ಲಿ ವಾಸ, ಅರೆಹೊಟ್ಟೆಯ ಊಟ. ಮಹಾನಗರದ ರಂಗಮಂದಿರದಲ್ಲಿ ಅವರಿಗೆ ಮೊದಲು ದೊರೆತದ್ದು ಚೆಕ್ ಲೇಖಕ ಕಾರೆಲ್ ಚಾಪೆಕರ ನಾಟಕವೊಂದರಲ್ಲಿ ಯಂತ್ರಮಾನವನ ಮೂಕಪಾತ್ರ. ಮಾತಿನ ಸಹಜತೆಗಾಗಿ ಮುಂದೆ ಜಗತ್ತೇ ಕೊಂಡಾಡಿದ ನಟನು ಮಾತೇ ಇಲ್ಲದ ಯಂತ್ರವಾಗಿ ರಂಗ ಪ್ರವೇಶಿಸಿದ್ದು ವಿಧಿಯ ವಿನೋದವೇ ಸರಿ.

ಮುಚ್ಚಿದ ಬಾಗಿಲ ಸದ್ದು

ಊರೂರು ತಿರುಗುವ ನಾಟಕ ಕಂಪನಿಯೊಂದರಲ್ಲಿ ಟ್ರೇಸಿಯವರಿಗೆ ಲೂಯಿಸ್ ಟ್ರೆಡ್‌ವೆಲ್ ಎಂಬ ನಟಿಯ ಪರಿಚಯವಾಯಿತು. ಆಕೆ ಆಗಲೇ ನಾಯಕಿಯ ಪಾತ್ರಗಳನ್ನು ವಹಿಸುತ್ತಿದ್ದವರು, ವಿದ್ಯಾವಂತೆ, ಗಂಭೀರ ಸ್ವಭಾವದವರು. 1923ರ ಸೆಪ್ಟೆಂಬರಿನಲ್ಲಿ ಅವರ ವಿವಾಹವಾಯಿತು. 1924ರ ಜೂನ್ 26ರಂದು ಗಂಡುಮಗು ಹುಟ್ಟಿತು. ಮಗುವಿಗೆ ಅಜ್ಜನ ಹೆಸರನ್ನೇ ಇಟ್ಟು ಜಾನ್ ಎಂದು ಕರೆದರು.

ಮಗುವಿಗೆ ಹತ್ತು ತಿಂಗಳಾಗಿದ್ದಾಗ ಒಂದು ದಿನ ಅದು ಮಲಗಿದ್ದ ಸ್ಥಳದ ಬಳಿ ಬಾಗಿಲೊಂದು ದಡಾರನೆ ಮುಚ್ಚಿಕೊಂಡಿತು. ಮಗು ಬೆಚ್ಚಲಿಲ್ಲ, ಕಣ್ಣು ತೆರೆಯಲಿಲ್ಲ. ತಾಯಿ ಹತ್ತಿರ ಬಂದು ಹೆಸರು ಹಿಡಿದು ಕೂಗಿದರು. ಮುಟ್ಟುವವರೆಗೂ ಅದು ಎಚ್ಚರಗೊಳ್ಳಲಿಲ್ಲ. ಮಗುವಿಗೆ ಕಿವಿ ಕೇಳುವುದಿಲ್ಲವೆಂಬ ಸತ್ಯ ಆ ತಾಯಿಗೆ ತಿಳಿದದ್ದು ಹೀಗೆ. ಕೆಲವು ಕಾಲ ಆ ಭಾರವನ್ನು ಆಕೆ ಒಬ್ಬರೇ ಹೊತ್ತರು. ಬಳಿಕ ಪತಿಗೆ ತಿಳಿಸಿದರು. ಟ್ರೇಸಿಯವರು ಕುಸಿದುಹೋದರು. ಇದು ತನ್ನ ಪಾಪಗಳಿಗೆ ದೇವರು ನೀಡಿದ ಶಿಕ್ಷೆ ಎಂಬ ಆಲೋಚನೆ ಅವರ ಎದೆಯಲ್ಲಿ ಬೇರೂರಿತು. ಸಾಯುವ ತನಕವೂ ಅದು ಅವರನ್ನು ಪೂರ್ಣವಾಗಿ ಬಿಟ್ಟು ಹೋಗಲಿಲ್ಲ.

ಇಲ್ಲಿ ನಾವು ಒಂದು ಕ್ಷಣ ನಿಲ್ಲೋಣ. ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಹುಟ್ಟುಕುರುಡನೊಬ್ಬನನ್ನು ಕಂಡ ಶಿಷ್ಯರು ಪ್ರಭುವಿನ ಮುಂದಿಟ್ಟ ಪ್ರಶ್ನೆಯೂ ಇದೇ. ಪಾಪ ಮಾಡಿದವನು ಇವನೋ, ಇವನ ಹೆತ್ತವರೋ ಎಂದು ಅವರು ತಿಳಿಯಬಯಸಿದರು. ಇಬ್ಬರೂ ಅಲ್ಲವೆಂದು ಯೇಸು ಸ್ಪಷ್ಟವಾಗಿ ತಿಳಿಸಿದರು. ಎರಡು ಸಾವಿರ ವರ್ಷಗಳಾದರೂ ಆ ಉತ್ತರ ನಮ್ಮ ಮನೆಗಳನ್ನು ಇನ್ನೂ ಪೂರ್ತಿಯಾಗಿ ಮುಟ್ಟಿಲ್ಲ. ಅಂಗವಿಕಲ ಮಗುವೊಂದು ಹುಟ್ಟಿದಾಗ ಯಾರ ಪಾಪವೋ, ಯಾರ ಶಾಪವೋ ಎಂದು ಪಿಸುಗುಟ್ಟುವ ಬಾಯಿಗಳು ನಮ್ಮ ನಡುವೆ ಇಲ್ಲವೆಂದು ನಾವು ಎದೆ ಮುಟ್ಟಿ ಹೇಳಬಲ್ಲೆವೇ? ಬಾಲಕ ಜಾನನ ಕಿವುಡುತನಕ್ಕೆ ಕಾರಣ ಅಷರ್ ಸಿಂಡ್ರೋಮ್ ಎಂಬ ಅನುವಂಶೀಯ ತೊಂದರೆಯೆಂದು ವೈದ್ಯರು ಬಹಳ ವರ್ಷಗಳ ಅನಂತರ ಗುರುತಿಸಿದರು. ತಂದೆತಾಯಿಗಳಿಬ್ಬರ ದೇಹದಲ್ಲೂ ಸುಳಿವೇ ಇಲ್ಲದೆ ಅಡಗಿರುವ ದೋಷವೊಂದು ಮಗುವಿನಲ್ಲಿ ಕೂಡಿಬಂದಾಗ ಅದು ಪ್ರಕಟವಾಗುತ್ತದೆ. ಅದರಲ್ಲಿ ಯಾರ ತಪ್ಪೂ ಇಲ್ಲ.

ಗುರುಮಠದಲ್ಲಿ ತತ್ತ್ವಶಾಸ್ತ್ರ ಕಲಿಯುವವರು ಮೊದಲು ಅರಿಯುವ ವಿಷಯಗಳಲ್ಲಿ ಅರಿಸ್ಟಾಟಲನ ಕಾರಣ ಸಿದ್ಧಾಂತವೂ ಒಂದು. ಒಂದು ಸಂಗತಿ ಯಾವುದರಿಂದ ಉಂಟಾಯಿತು ಎಂಬ ಪ್ರಶ್ನೆ ಬೇರೆ. ಅದು ಯಾವ ಗುರಿಯ ಕಡೆಗೆ ಸಾಗುತ್ತದೆ ಎಂಬ ಪ್ರಶ್ನೆ ಬೇರೆ. ಮೊದಲನೆಯದು ಹಿಂದಕ್ಕೆ ನೋಡುತ್ತದೆ, ಎರಡನೆಯದು ಮುಂದಕ್ಕೆ. ಟ್ರೇಸಿ ದಂಪತಿಗಳ ಬದುಕಿನಲ್ಲಿ ಈ ಎರಡು ಪ್ರಶ್ನೆಗಳು ಎರಡು ಹಾದಿಗಳಾದವು. ಪತಿಯು ಹಿಂದಕ್ಕೆ ನೋಡುತ್ತ ತನ್ನನ್ನೇ ದಂಡಿಸಿಕೊಂಡರು. ಪತ್ನಿಯು ಮುಂದಕ್ಕೆ ನೋಡಿ ಮಗುವಿಗೆ ಮಾತು ಕಲಿಸಲು ಕುಳಿತರು. ರಂಗಭೂಮಿಯನ್ನು ತೊರೆದು, ತಜ್ಞರನ್ನು ಕಂಡು, ಪುಸ್ತಕಗಳನ್ನು ಓದಿ, ತುಟಿಗಳ ಚಲನೆಯಿಂದ ಮಾತನ್ನು ಗ್ರಹಿಸುವುದನ್ನು ಒಂದೊಂದೇ ಪದವಾಗಿ ಆಕೆ ಮಗನಿಗೆ ಅಭ್ಯಾಸ ಮಾಡಿಸಿದರು. ಬಾಲ್ಯದಲ್ಲಿ ಪೋಲಿಯೊ ಸಹ ತಗುಲಿದ್ದ ಆ ಹುಡುಗ ಓದಿದನು, ಮಾತನಾಡಿದನು, ಚಿತ್ರಕಲೆ ಕಲಿತು ವಾಲ್ಟ್ ಡಿಸ್ನಿಯವರ ಸಂಸ್ಥೆಯಲ್ಲಿ ಕೆಲಸ ಮಾಡಿದನು. ಮುಂದೆ ದೃಷ್ಟಿಯನ್ನೂ ಕಳೆದುಕೊಂಡ ಜಾನ್ ಟ್ರೇಸಿಯವರು 82 ವರ್ಷ ಬಾಳಿ 2007ರಲ್ಲಿ ನಿಧನರಾದರು.

ಕೀರ್ತಿಯ ಶಿಖರ

ಇತ್ತ ಸ್ಪೆನ್ಸರರ ಭಾಗ್ಯದ ಬಾಗಿಲು ತೆರೆದದ್ದು 1930ರಲ್ಲಿ. ‘ದಿ ಲಾಸ್ಟ್ ಮೈಲ್’ ಎಂಬ ನಾಟಕದಲ್ಲಿ ಮರಣದಂಡನೆಗೆ ಕಾದಿರುವ ಕೈದಿಯಾಗಿ ಅವರು ತೋರಿದ ಅಭಿನಯವನ್ನು ನಿರ್ದೇಶಕ ಜಾನ್ ಫೋರ್ಡ್ ಕಂಡರು. ಅದೇ ವರ್ಷ ಫೋರ್ಡರ ‘ಅಪ್ ದಿ ರಿವರ್’ ಚಿತ್ರದ ಮೂಲಕ ಟ್ರೇಸಿಯವರು ಹಾಲಿವುಡ್ ಪ್ರವೇಶಿಸಿದರು. ಫಾಕ್ಸ್ ಸಂಸ್ಥೆಯಲ್ಲಿ ಐದು ವರ್ಷ ಒಂದರ ಹಿಂದೆ ಒಂದರಂತೆ ಚಿತ್ರಗಳಲ್ಲಿ ದುಡಿದರು. 1932ರಲ್ಲಿ ಮಗಳು ಸೂಸಿ ಹುಟ್ಟಿದಳು. 1935ರಲ್ಲಿ ಎಂ.ಜಿ.ಎಂ. ಸಂಸ್ಥೆಗೆ ಸೇರಿದ ಮೇಲೆ ಅವರ ಹೆಸರು ಮನೆಮಾತಾಯಿತು.

1936ರ ‘ಸ್ಯಾನ್ ಫ್ರಾನ್ಸಿಸ್ಕೊ’ ಚಿತ್ರದಲ್ಲಿ ಅವರಿಗೆ ಬಂದದ್ದು ಫಾದರ್ ಟಿಮ್ ಮಲ್ಲಿನ್ ಎಂಬ ಗುರುವಿನ ಪಾತ್ರ. ಒಮ್ಮೆ ತಾನೇ ಗುರುವಾಗಬೇಕೆಂದಿದ್ದವರು ನಟನಾಗಿ ಗುರುವಿನ ಉಡುಪು ತೊಡಲು ಹಿಂಜರಿದರು. ಕೊನೆಗೆ ಒಪ್ಪಿ ನಟಿಸಿದರು. ಮೊದಲ ಆಸ್ಕರ್ ನಾಮನಿರ್ದೇಶನ ಆ ಪಾತ್ರಕ್ಕೇ ಬಂದಿತು. 1937ರ ‘ಕ್ಯಾಪ್ಟನ್ಸ್ ಕರೇಜಸ್’ ಚಿತ್ರದಲ್ಲಿ ಅವರು ಮ್ಯಾನುವೆಲ್ ಎಂಬ ಪೋರ್ಚುಗೀಸ್ ಬೆಸ್ತನಾದರು. ಸಿರಿವಂತಿಕೆಯಲ್ಲಿ ಕೆಟ್ಟುಹೋದ ಬಾಲಕನೊಬ್ಬನಿಗೆ ದುಡಿಮೆಯನ್ನೂ ದೈವಭಕ್ತಿಯನ್ನೂ ಕಲಿಸುವ ಸರಳ ಮನುಷ್ಯನ ಪಾತ್ರವದು. ಅದಕ್ಕೆ ಶ್ರೇಷ್ಠ ನಟ ಪ್ರಶಸ್ತಿ ದೊರೆತಾಗ ಟ್ರೇಸಿಯವರು ಶಸ್ತ್ರಚಿಕಿತ್ಸೆಯಾಗಿ ಆಸ್ಪತ್ರೆಯಲ್ಲಿದ್ದರು. ಪತ್ನಿ ಲೂಯಿಸ್ ಅವರ ಪರವಾಗಿ ಅದನ್ನು ಸ್ವೀಕರಿಸಿದರು.

ಮರುವರ್ಷ ಬಂದದ್ದೇ ‘ಬಾಯ್ಸ್ ಟೌನ್’. ಫಾದರ್ ಎಡ್ವರ್ಡ್ ಫ್ಲಾನಗನ್ ಕಲ್ಪನೆಯ ವ್ಯಕ್ತಿಯಲ್ಲ. ಐರ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ನೆಬ್ರಾಸ್ಕ ರಾಜ್ಯದ ಒಮಾಹಾದಲ್ಲಿ ಸೇವೆ ಸಲ್ಲಿಸಿದ ಈ ಗುರುವು 1917ರಲ್ಲಿ 90 ಡಾಲರ್ ಸಾಲ ಪಡೆದು ಬಾಡಿಗೆ ಮನೆಯೊಂದರಲ್ಲಿ ದಿಕ್ಕಿಲ್ಲದ ಹುಡುಗರಿಗೆ ಆಶ್ರಯ ನೀಡಲಾರಂಭಿಸಿದರು. ಜಾತಿ, ಬಣ್ಣ, ಮತಗಳ ಭೇದ ಅಲ್ಲಿರಲಿಲ್ಲ. ಹುಟ್ಟಿನಿಂದ ಕೆಟ್ಟವನಾದ ಹುಡುಗ ಯಾವನೂ ಇಲ್ಲ, ಪ್ರೀತಿ ಮತ್ತು ಆಸರೆ ದೊರೆಯದೆ ಅವನು ಕೆಡುತ್ತಾನೆ ಎಂಬುದು ಅವರ ದೃಢ ನಂಬಿಕೆ. ಟ್ರೇಸಿಯವರು ಒಮಾಹಾಕ್ಕೇ ಹೋಗಿ, ಫಾದರನ್ನು ಕಂಡು, ಅವರ ನಡೆನುಡಿಗಳನ್ನು ಗಮನಿಸಿದರು. ಚಿತ್ರದ ಕೆಲವು ಭಾಗಗಳು ಅಲ್ಲಿಯೇ ಚಿತ್ರಿತವಾದವು. ಶಾಲೆಯಿಂದ ಶಾಲೆಗೆ ದೂಡಲ್ಪಟ್ಟಿದ್ದ ತನ್ನ ಬಾಲ್ಯವನ್ನು ಬಲ್ಲ ಆ ನಟನಿಗೆ ಅಲ್ಲಿನ ಹುಡುಗರು ಅಪರಿಚಿತರೆನಿಸಿರಲಾರರು.

ಈ ಪಾತ್ರಕ್ಕೂ ಶ್ರೇಷ್ಠ ನಟ ಪ್ರಶಸ್ತಿ ಬಂದಿತು. ಸತತ ಎರಡು ವರ್ಷ ಆ ಪ್ರಶಸ್ತಿ ಪಡೆದ ಮೊದಲ ನಟ ಅವರೇ. ವೇದಿಕೆಯಲ್ಲಿ ಅವರು ತಮ್ಮ ಬಗ್ಗೆ ಹೆಚ್ಚೇನೂ ಹೇಳದೆ, ಪ್ರಶಸ್ತಿಯ ಗೌರವವೆಲ್ಲ ಫಾದರ್ ಫ್ಲಾನಗನ್ ಅವರಿಗೆ ಸಲ್ಲಬೇಕೆಂಬ ಅರ್ಥದಲ್ಲಿ ಮಾತನಾಡಿದರು. ಪ್ರಶಸ್ತಿಯ ಪುತ್ಥಳಿ ಬಾಯ್ಸ್ ಟೌನಿಗೇ ಹೋಯಿತು. ಟ್ರೇಸಿಯವರಿಗೆ ಮತ್ತೊಂದನ್ನು ಮಾಡಿಸಿಕೊಡಲಾಯಿತು. ಚಿತ್ರದ ಯಶಸ್ಸಿನಿಂದ ಒಂದು ವಿಪರ್ಯಾಸವೂ ಉಂಟಾಯಿತು. ಆಶ್ರಮಕ್ಕೆ ಈಗ ಬೇಕಾದಷ್ಟು ಹಣ ಬಂದಿರಬೇಕೆಂದು ಭಾವಿಸಿದ ಜನರು ಕಾಣಿಕೆ ಕಳುಹಿಸುವುದನ್ನು ಕಡಿಮೆ ಮಾಡಿದರು. 1941ರಲ್ಲಿ ಅದೇ ವಸ್ತುವಿನ ಎರಡನೆಯ ಚಿತ್ರದಲ್ಲಿಯೂ ಟ್ರೇಸಿಯವರೇ ಫಾದರ್ ಆದರು. ನಿಜವಾದ ಫಾದರ್ ಫ್ಲಾನಗನ್ 1948ರಲ್ಲಿ ಯುದ್ಧದಿಂದ ನಲುಗಿದ ಮಕ್ಕಳ ಸೇವೆಗಾಗಿ ಯೂರೋಪಿಗೆ ಹೋಗಿದ್ದಾಗ ಬರ್ಲಿನ್ನಿನಲ್ಲಿ ನಿಧನರಾದರು. ಅವರನ್ನು ಸಂತರ ಸಾಲಿಗೆ ಸೇರಿಸುವ ಪ್ರಕ್ರಿಯೆ 2012ರಲ್ಲಿ ಒಮಾಹಾ ಮಹಾಧರ್ಮಪ್ರಾಂತ್ಯದಲ್ಲಿ ಆರಂಭವಾಯಿತು.

ಟ್ರೇಸಿಯವರ ಅಭಿನಯದ ಗುಟ್ಟೇನು? ಅಂದಿನ ಅನೇಕ ನಟರು ಕೈಬೀಸಿ, ಕಣ್ಣರಳಿಸಿ, ದನಿಯೇರಿಸಿ ನಟಿಸುತ್ತಿದ್ದರು. ಟ್ರೇಸಿಯವರು ಮುಖದ ಒಂದು ಗೆರೆಯನ್ನೂ ಅನಾವಶ್ಯಕವಾಗಿ ಅಲುಗಿಸುತ್ತಿರಲಿಲ್ಲ. ಎದುರಿನವರ ಮಾತನ್ನು ನಿಜವಾಗಿ ಆಲಿಸುವುದೇ ಅವರ ಕಲೆ ಎಂದು ಜೊತೆಗಾರ ನಟರು ಬಣ್ಣಿಸಿದ್ದಾರೆ. ಮಾತನ್ನು ಕಿವಿಯಿಂದ ಕೇಳಲಾರದ ಮಗನೊಡನೆ ಮುಖಾಮುಖಿ ನಿಂತು, ಪ್ರತಿಯೊಂದು ಪದವನ್ನೂ ಸ್ಪಷ್ಟವಾಗಿ ಆಡಬೇಕಾಗಿದ್ದ ತಂದೆಗೆ ಆಲಿಸುವುದರ ಬೆಲೆ ಇತರರಿಗಿಂತ ಹೆಚ್ಚಾಗಿ ತಿಳಿದಿದ್ದರೆ ನಮಗೆ ಅಚ್ಚರಿಯಿಲ್ಲ.

ನೆರಳು

ಇಷ್ಟನ್ನು ಹೇಳಿ ನಿಲ್ಲಿಸಿದರೆ ನಮ್ಮ ಬರಹ ಸುಂದರವಾಗುತ್ತಿತ್ತು, ಸತ್ಯವಾಗುತ್ತಿರಲಿಲ್ಲ. ಟ್ರೇಸಿಯವರು ಮದ್ಯಕ್ಕೆ ದಾಸರಾಗಿದ್ದರು. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ತೊಟ್ಟು ಮುಟ್ಟದೆ ಇದ್ದು, ಮತ್ತೆ ಒಮ್ಮೆಲೇ ಜಾರಿ, ಯಾರ ಕಣ್ಣಿಗೂ ಬೀಳದೆ ಅಡಗಿ ಕುಡಿಯುತ್ತಿದ್ದರು. ತೆರೆಯ ಮೇಲೆ ಅಷ್ಟೊಂದು ಶಾಂತವಾಗಿ ಕಾಣುತ್ತಿದ್ದ ಆ ಮುಖದ ಹಿಂದೆ ನಿದ್ರೆಯಿಲ್ಲದ ರಾತ್ರಿಗಳೂ, ತಾನು ಅಯೋಗ್ಯನೆಂಬ ಕೊರಗೂ ಇದ್ದವು. ತಪ್ಪೊಪ್ಪಿಗೆ ಒಂದು, ಆತ್ಮಹಿಂಸೆ ಇನ್ನೊಂದು. ಪಾಪವನ್ನು ನಿವೇದಿಸಿದವನು ಕ್ಷಮೆ ಪಡೆದು ಹಗುರಾಗಿ ಏಳುತ್ತಾನೆ. ತನ್ನನ್ನೇ ನಿರಂತರ ಹಿಂಸಿಸಿಕೊಳ್ಳುವವನು ಕ್ಷಮೆಯನ್ನು ನಂಬಲಾರದೆ ಅದೇ ಗುಂಡಿಗೆ ಮರಳುತ್ತಾನೆ. ಕುಡಿತವು ಕಾಯಿಲೆಯೂ ಹೌದೆಂದು ಇಂದು ವೈದ್ಯರು ಒಪ್ಪುತ್ತಾರೆ. ಕೇವಲ ಬುದ್ಧಿವಾದ ಮತ್ತು ಬೈಗುಳಗಳಿಂದ ಅದು ವಾಸಿಯಾಗದೆಂಬುದು ಅಂಥವರಿರುವ ಮನೆಗಳಿಗೆಲ್ಲ ಗೊತ್ತಿರುವ ವಿಷಯ.

ದಾಂಪತ್ಯವೂ ಬಿರುಕು ಬಿಟ್ಟಿತು. 1933ರಲ್ಲಿಯೇ ಅವರು ಕೆಲವು ಕಾಲ ಮನೆಯಿಂದ ದೂರವಿದ್ದರು. 1942ರಲ್ಲಿ ತೆರೆಕಂಡ ‘ವುಮನ್ ಆಫ್ ದಿ ಇಯರ್’ ಚಿತ್ರದಲ್ಲಿ ನಟಿ ಕ್ಯಾಥರೀನ್ ಹೆಪ್‌ಬರ್ನ್ ಅವರ ಜೊತೆಗಾತಿಯಾದರು. ಇಬ್ಬರೂ ಕೂಡಿ ಒಂಬತ್ತು ಚಿತ್ರಗಳಲ್ಲಿ ನಟಿಸಿದರು, ತೆರೆಯ ಹೊರಗೂ ಟ್ರೇಸಿಯವರ ಕೊನೆಯುಸಿರಿನವರೆಗೆ ಆ ನಂಟು ಉಳಿಯಿತು. ಅವರು ಪತ್ನಿಯೊಡನೆ ಬಾಳಲಿಲ್ಲ, ವಿಚ್ಛೇದನವನ್ನೂ ಪಡೆಯಲಿಲ್ಲ. ಮನೆಗೆ ಹೋಗಿ ಬರುವುದನ್ನು, ಹೆಂಡತಿ ಮಕ್ಕಳನ್ನು ಪೋಷಿಸುವುದನ್ನು ನಿಲ್ಲಿಸಲಿಲ್ಲ. ವಿಚ್ಛೇದನ ಪಡೆಯದಿರಲು ಅವರ ಕಥೋಲಿಕ ವಿಶ್ವಾಸವೇ ಕಾರಣವೆಂದು ಕೆಲವರು ಬರೆದಿದ್ದಾರೆ. ಅದಷ್ಟೇ ಅಲ್ಲವೆಂದು ಇನ್ನು ಕೆಲವರು ವಾದಿಸಿದ್ದಾರೆ. ವಿವಾಹ ಸಂಸ್ಕಾರ ಒಂದು ಕಾಗದದ ಪತ್ರವಲ್ಲ. ಅದು ದಿನದಿನವೂ ಬಾಳಬೇಕಾದ ಒಡಂಬಡಿಕೆ. ಆ ದೃಷ್ಟಿಯಿಂದ ಇದು ಸೋಲೇ ಸರಿ, ಆ ಸೋಲಿನ ಬೆಲೆಯನ್ನು ಹೆಚ್ಚಾಗಿ ತೆತ್ತವರು ಲೂಯಿಸ್. ಇದನ್ನು ನಾವು ಮರೆಮಾಚಬೇಕಾಗಿಲ್ಲ. ಆದರೆ ತೀರ್ಪಿನ ಪೀಠದಲ್ಲಿ ಕುಳಿತುಕೊಳ್ಳುವ ಅಧಿಕಾರವೂ ನಮಗಿಲ್ಲ.

ಒಬ್ಬ ತಾಯಿಯ ಕೆಲಸ

ಲೂಯಿಸ್ ಕಹಿಯಾಗಲಿಲ್ಲ. ತನ್ನ ಮಗನಿಗೆ ಕಲಿಸಿದ್ದನ್ನು ಇತರ ತಾಯಂದಿರಿಗೂ ಕಲಿಸಬೇಕೆಂದು ನಿರ್ಧರಿಸಿ, 1942ರಲ್ಲಿ ಲಾಸ್ ಏಂಜಲಿಸ್‌ನಲ್ಲಿ, ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಆವರಣದ ಸಣ್ಣ ಕಟ್ಟಡವೊಂದರಲ್ಲಿ ಜಾನ್ ಟ್ರೇಸಿ ಕ್ಲಿನಿಕ್ ಸ್ಥಾಪಿಸಿದರು. ಕಿವುಡು ಮಕ್ಕಳ ತಂದೆತಾಯಿಗಳನ್ನೇ ಶಿಕ್ಷಕರನ್ನಾಗಿ ತಯಾರು ಮಾಡುವುದು ಅದರ ವಿಶೇಷ. ತಂದೆತಾಯಿಗಳಿಂದ ಶುಲ್ಕ ಪಡೆಯಬಾರದೆಂಬುದು ಆಕೆಯ ನಿಯಮ. ಹಣಕಾಸಿನ ಆಸರೆಯಾಗಿ ಸ್ಪೆನ್ಸರ್ ನಿಂತರು. ವಾಲ್ಟ್ ಡಿಸ್ನಿಯವರೂ ಕೈಜೋಡಿಸಿದರು. ಮರುವರ್ಷ ಆರಂಭವಾದ ಅಂಚೆ ಶಿಕ್ಷಣದ ಪಾಠಗಳು ಹಲವು ಭಾಷೆಗಳಿಗೆ ಅನುವಾದಗೊಂಡು ಅನೇಕ ದೇಶಗಳ ಮನೆಗಳನ್ನು ಉಚಿತವಾಗಿ ತಲುಪಿದವು. ಸಂಜ್ಞಾ ಭಾಷೆಯೂ ಪರಿಪೂರ್ಣ ಭಾಷೆಯೇ, ತುಟಿ ನೋಡಿ ಮಾತು ಕಲಿಸುವುದೊಂದೇ ದಾರಿಯಲ್ಲ ಎಂಬ ತಿಳಿವಳಿಕೆ ಇಂದು ಬೆಳೆದಿದೆ. ಆದರೂ ಕಿವುಡು ಮಗುವನ್ನು ಮೂಲೆಗೊತ್ತುವ ಕಾಲದಲ್ಲಿ ಆ ತಾಯಿ ಮಾಡಿದ ಕೆಲಸ ಕಡಿಮೆಯದಲ್ಲ. 1983ರಲ್ಲಿ ಆಕೆ ನಿಧನರಾದರು.

ತನ್ನ ಸಾಧನೆಗಳಲ್ಲಿ ಯಾವುದೂ ಪತ್ನಿಯ ಈ ಕೆಲಸಕ್ಕೆ ಸಮನಲ್ಲವೆಂಬ ಭಾವ ಟ್ರೇಸಿಯವರಿಗಿತ್ತು. ಪ್ರಭುವಿನ ಉತ್ತರವನ್ನು ಗಂಡನಿಗಿಂತ ಹೆಂಡತಿಯೇ ಚೆನ್ನಾಗಿ ಅರಿತಿದ್ದರೆಂದು ನಮಗೆ ತೋರುತ್ತದೆ. ಹುಟ್ಟುಕುರುಡನ ಪ್ರಸಂಗದಲ್ಲಿ ಯೇಸು ಗತಿಸಿದ ಪಾಪವನ್ನು ಕೆದಕಲಿಲ್ಲ. ದೇವರ ಕಾರ್ಯ ಅವನಲ್ಲಿ ಪ್ರಕಟವಾಗಬೇಕಾಗಿದೆ ಎಂದು ಮುಂದಿನ ದಾರಿ ತೋರಿಸಿದರು.

ಮುಸ್ಸಂಜೆ

ವಯಸ್ಸಾದಂತೆ ಟ್ರೇಸಿಯವರ ಪಾತ್ರಗಳು ಗಾಢವಾದವು. 1944ರ ‘ದಿ ಸೆವೆಂತ್ ಕ್ರಾಸ್’ ಚಿತ್ರದಲ್ಲಿಯೇ ಅವರು ನಾಜಿ ಸೆರೆಶಿಬಿರದಿಂದ ತಪ್ಪಿಸಿಕೊಂಡ ಕೈದಿಯಾಗಿದ್ದರು. 1961ರ ‘ಜಡ್ಜ್‌ಮೆಂಟ್ ಅಟ್ ನ್ಯೂರೆಂಬರ್ಗ್’ ಚಿತ್ರದಲ್ಲಿ ನಾಜಿ ನ್ಯಾಯಾಧೀಶರನ್ನು ವಿಚಾರಣೆ ಮಾಡುವ ವೃದ್ಧ ನ್ಯಾಯಮೂರ್ತಿಯಾದರು. ವಿದ್ಯಾವಂತರೂ ಸಂಭಾವಿತರೂ ಅಧಿಕಾರಕ್ಕೆ ಹೆದರಿ ಅನ್ಯಾಯಕ್ಕೆ ಸಹಿ ಹಾಕಿದರೆ ಅವರ ಹೊಣೆ ತಪ್ಪುವುದಿಲ್ಲವೆಂಬುದು ಆ ಚಿತ್ರದ ತಿರುಳು. ಅದೇ ವರ್ಷ ‘ದಿ ಡೆವಿಲ್ ಅಟ್ ಫೋರ್ ಓಕ್ಲಾಕ್’ ಚಿತ್ರದಲ್ಲಿ ಮತ್ತೆ ಗುರುವಾದರು. ಈ ಸಲದ ಫಾದರ್ ಡೂನನ್ ಬಾಯ್ಸ್ ಟೌನಿನ ಫಾದರಿನಂತಲ್ಲ. ದ್ವೀಪವೊಂದರಲ್ಲಿ ಕುಷ್ಠರೋಗಿ ಮಕ್ಕಳ ಆಸ್ಪತ್ರೆಯನ್ನು ಕಟ್ಟಿದ, ಜನರಿಂದ ತಿರಸ್ಕೃತನಾದ, ಕುಡಿತಕ್ಕೆ ಬಿದ್ದ ಮುದುಕ ಗುರು. ಜ್ವಾಲಾಮುಖಿ ಸಿಡಿದಾಗ ಆ ಮಕ್ಕಳನ್ನು ಪಾರುಮಾಡಲು ಪ್ರಾಣವನ್ನೇ ತೆರುತ್ತಾನೆ. ಈ ಪಾತ್ರದಲ್ಲಿ ನಟನ ಸ್ವಂತ ಮುಖ ಎಷ್ಟಿತ್ತೆಂದು ದೇವರೇ ಬಲ್ಲ.

1963ರ ಬಳಿಕ ಆರೋಗ್ಯ ಕೆಟ್ಟಿತು. ನಾಲ್ಕು ವರ್ಷ ಚಿತ್ರಗಳಿಲ್ಲ. ಹೆಪ್‌ಬರ್ನ್ ತಮ್ಮ ವೃತ್ತಿಯನ್ನು ಬದಿಗಿಟ್ಟು ಅವರ ಆರೈಕೆ ಮಾಡಿದರು. 1967ರಲ್ಲಿ ನಿರ್ದೇಶಕ ಸ್ಟ್ಯಾನ್ಲಿ ಕ್ರೇಮರ್ ‘ಗೆಸ್ ಹೂ ಈಸ್ ಕಮಿಂಗ್ ಟು ಡಿನ್ನರ್’ ಚಿತ್ರಕ್ಕೆ ಅವರನ್ನು ಕರೆದಾಗ ವಿಮಾ ಸಂಸ್ಥೆಗಳು ಒಪ್ಪಲಿಲ್ಲ. ಆಗ ಕ್ರೇಮರ್ ಮತ್ತು ಹೆಪ್‌ಬರ್ನ್ ತಮ್ಮ ಸಂಭಾವನೆಯನ್ನೇ ಭದ್ರತೆಯಾಗಿ ಒತ್ತೆಯಿಟ್ಟರು. ದಿನಕ್ಕೆ ಕೆಲವೇ ಗಂಟೆ ಕೆಲಸ ಮಾಡಿ ಅವರು ಪಾತ್ರವನ್ನು ಮುಗಿಸಿದರು. ಬಿಳಿಯ ಯುವತಿಯೊಬ್ಬಳು ಕರಿಯ ವೈದ್ಯನನ್ನು ವರಿಸಲು ಹೊರಟಾಗ, ಸಮಾನತೆಯನ್ನು ಬಾಯಲ್ಲಿ ಬೋಧಿಸುತ್ತಿದ್ದ ತಂದೆಯು ತನ್ನ ಮನೆಬಾಗಿಲಿಗೇ ಬಂದ ಪರೀಕ್ಷೆಯನ್ನು ಎದುರಿಸುವ ಕಥೆಯದು. ಚಿತ್ರೀಕರಣ ಮುಗಿದು ಮೂರು ವಾರ ತುಂಬುವ ಮೊದಲೇ, ಜೂನ್ 10ರ ಮುಂಜಾನೆ, ಅಡುಗೆಮನೆಯಲ್ಲಿ ಹೃದಯಾಘಾತದಿಂದ ಅವರು ಕುಸಿದು ನಿಧನರಾದರು. ಆಗ ಅವರಿಗೆ 67 ವರ್ಷ.

ಜೂನ್ 12ರಂದು ಹಾಲಿವುಡ್ಡಿನ ಮರಿಯಮ್ಮನವರ ನಿಷ್ಕಳಂಕ ಹೃದಯದ ದೇವಾಲಯದಲ್ಲಿ ಅವರಿಗಾಗಿ ಬಲಿಪೂಜೆ ಅರ್ಪಿಸಲಾಯಿತು. ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅವರನ್ನು ಚಿತ್ರರಂಗಕ್ಕೆ ತಂದ ಜಾನ್ ಫೋರ್ಡ್ ಸಹ ಇದ್ದರು. ಲೂಯಿಸ್ ಮತ್ತು ಮಕ್ಕಳ ಮೇಲಿನ ಗೌರವದಿಂದ ಹೆಪ್‌ಬರ್ನ್ ದೂರವೇ ಉಳಿದರು. ಅಂದೇ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಕರಿಯರ ಮತ್ತು ಬಿಳಿಯರ ನಡುವಣ ವಿವಾಹವನ್ನು ನಿಷೇಧಿಸುವ ಕಾನೂನುಗಳನ್ನು ರದ್ದುಪಡಿಸಿತು. ಆ ಕೊನೆಯ ಪಾತ್ರಕ್ಕೂ ಟ್ರೇಸಿಯವರ ಹೆಸರು ಪ್ರಶಸ್ತಿಗೆ ಸೂಚಿತವಾಯಿತು. ಅದು ಅವರ ಒಂಬತ್ತನೆಯ ನಾಮನಿರ್ದೇಶನ.

ಅವರ ಚಿತ್ರಗಳನ್ನು ನೋಡುವ ಅವಕಾಶ ದೊರೆತರೆ, ಮಕ್ಕಳೊಡನೆ ಕುಳಿತು ‘ಬಾಯ್ಸ್ ಟೌನ್’ ನೋಡಬೇಕೆಂದು ಕುಟುಂಬಗಳಿಗೆ ನಾವು ಸೂಚಿಸುತ್ತೇವೆ. ಅದರೊಂದಿಗೆ ಆ ನಟನ ಮನೆಯ ಕಥೆಯನ್ನೂ ಮಕ್ಕಳಿಗೆ ಹೇಳಿರಿ. ನಿಮ್ಮ ನೆರೆಯಲ್ಲಿ ಅಂಗವಿಕಲ ಮಗುವಿರುವ ಮನೆಯಿದ್ದರೆ ಕಾರಣ ಕೇಳದೆ, ಆ ತಾಯಿ ಒಂದು ಗಂಟೆ ವಿಶ್ರಾಂತಿ ಪಡೆಯಲಿ ಎಂದು ಮಗುವಿನ ಬಳಿ ಕುಳಿತುಕೊಳ್ಳಿರಿ. ಕುಡಿತದೊಡನೆ ಸೆಣಸುವವರು ಮನೆಯಲ್ಲಿದ್ದರೆ ಅವರನ್ನು ಚಿಕಿತ್ಸೆಗೆ ಕರೆದೊಯ್ಯಿರಿ, ಅವರಿಗಾಗಿ ಪ್ರಾರ್ಥಿಸಿರಿ, ಕೈಬಿಡಬೇಡಿರಿ. ಧರ್ಮಸಭೆಯು ಮೃತರ ಬಗ್ಗೆ ತೀರ್ಪು ನೀಡುವುದಕ್ಕಿಂತ ಹೆಚ್ಚಾಗಿ ಅವರಿಗಾಗಿ ಪ್ರಾರ್ಥಿಸುತ್ತದೆ. ಸ್ಪೆನ್ಸರ್ ಟ್ರೇಸಿಯವರನ್ನೂ, ಲೂಯಿಸರನ್ನೂ, ಜಾನರನ್ನೂ ನಾವು ಆ ಪ್ರಾರ್ಥನೆಯಲ್ಲಿ ನೆನೆಯೋಣ.